ಮಾರಿಯೊ ತಡವಾಗಿ ಜಿಗಿಯುತ್ತಿದ್ದಾನೆ, ಏನು ಮಾಡಲಿ?

ಪ್ರಶ್ನೆ: ಹೈಸ್ಕೂಲಿನಲ್ಲಿ ಆಡುತ್ತಿದ್ದ ಟಿವಿ ಗೇಮ್ ಅಟ್ಟದಲ್ಲಿತ್ತು, ಮೊನ್ನೆ ಕೆಳಗಿಳಿಸಿದೆ. 60 ಪಿನ್ ಕಾರ್ಟ್ರಿಜ್ ಹಾಕುವ, ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಗೇಮ್ ಯಂತ್ರದ ಮಾದರಿಯ ಸೆಟ್. ಜೊತೆಗೆ ಆರು ಕಾರ್ಟ್ರಿಜ್, ಎರಡು ಕಂಟ್ರೋಲರ್, ಒಂದು ಗನ್. ಅದರ ಅಡಾಪ್ಟರ್ ಕಳೆದುಹೋಗಿದೆ. ಮನೆಯಲ್ಲಿದ್ದ ಬೇರೊಂದು 9 ವೋಲ್ಟ್ ಅಡಾಪ್ಟರ್ ಹಾಕಿ, ಹಳದಿ-ಬಿಳಿ ಕೇಬಲ್‌ನಿಂದ ಎಲ್‌ಇಡಿ ಟಿವಿಗೆ ಜೋಡಿಸಿದೆ. ಚಿತ್ರ ಬಂತು, ಆದರೆ ಮಂಕು. ಪೆಟ್ಟು ತಿಂದ ಮಾರಿಯೊ ಕೆಲವು ಕ್ಷಣ ಕಾಣುವುದೇ ಇಲ್ಲ. ಗುಂಡಿ ಒತ್ತಿದರೆ ತಡವಾಗಿ ಜಿಗಿಯುತ್ತಾನೆ, ಮೊದಲ ಹಳ್ಳಕ್ಕೇ ಬೀಳುತ್ತೇನೆ. ಮಗಳು (11) ಮತ್ತು ಮಗ (8) ಹತ್ತು ನಿಮಿಷಕ್ಕೆ ಎದ್ದು ಹೋದರು. ಎರಡು ಕಾರ್ಟ್ರಿಜ್‌ಗಳಲ್ಲಿ ಬರೀ ಬೂದು ಪರದೆ. ಒಂದು ಆಟದಲ್ಲಿ ಸೇವ್ ನಿಲ್ಲುವುದಿಲ್ಲ. ಗನ್ ಗುರಿಗೆ ತಾಗುವುದೇ ಇಲ್ಲ. ಒಬ್ಬ ಗೆಳೆಯ ಕಾರ್ಟ್ರಿಜ್ ಊದು ಎನ್ನುತ್ತಾನೆ, ಇನ್ನೊಬ್ಬ ಸ್ಯಾಂಡ್‌ಪೇಪರ್ ಹಾಕು ಎನ್ನುತ್ತಾನೆ, ಮತ್ತೊಬ್ಬ ಇದನ್ನು ಬಿಸಾಡಿ ಸಾವಿರಾರು ಆಟವಿರುವ ಹ್ಯಾಂಡ್‌ಹೆಲ್ಡ್ ತಗೋ ಎನ್ನುತ್ತಾನೆ. ಟಿವಿ ಹಾಳಾದೀತೆಂದು ಮನೆಯವರಿಗೆ ಭಯ. ಇದನ್ನು ರಿಪೇರಿ ಮಾಡುವುದರಲ್ಲಿ ಅರ್ಥವಿದೆಯೇ, ಅಥವಾ ಆಗಿನ ಮಜಾ ಎನ್ನುವುದು ಬರೀ ನೆನಪೇ?

ಉತ್ತರ: ನಿಮ್ಮ ಕೊನೆಯ ಸಾಲೇ ನಿಜವಾದ ಪ್ರಶ್ನೆ ಎಂದು ತೋರುತ್ತದೆ. ಮಜಾ ಬರದಿದ್ದಾಗ ಹೆಚ್ಚಿನವರು ವಯಸ್ಸನ್ನೋ ನೆನಪನ್ನೋ ದೂರುತ್ತಾರೆ. ನೆನಪು ಒಂದಿಷ್ಟು ಸಿಹಿ ಸೇರಿಸುವುದು ಹೌದು. ಆದರೆ ನೀವು ಬರೆದ ಲಕ್ಷಣಗಳಿಗೆಲ್ಲ ತಾಂತ್ರಿಕ ಕಾರಣಗಳಿವೆ. ಆ ಕಾಲದ ಆಟಗಳಿಗೆ ಕಥೆಯ ಬಲವಿಲ್ಲ, ಚಿತ್ರದ ವೈಭವವಿಲ್ಲ. ಸೂಪರ್ ಮಾರಿಯೊ ಬ್ರದರ್ಸ್ ಇಡೀ ಆಟ 40 ಕಿಲೋಬೈಟಿನಲ್ಲಿ ಮುಗಿಯುತ್ತದೆ. ಬೆರಳು ಒತ್ತಿದ ಕ್ಷಣಕ್ಕೇ ಪರದೆ ಉತ್ತರ ಕೊಡುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಅವು ನಿಂತಿವೆ. ಆ ಉತ್ತರ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಆಟ ಕೆಟ್ಟ ಆಟವೇ ಆಗಿಬಿಡುತ್ತದೆ. ಮಕ್ಕಳಿಗೆ ಹಳೆಯ ನೆನಪಿನ ಹಂಗಿಲ್ಲ, ಹಾಗಾಗಿ ಎದ್ದು ಹೋದರು. ಅವರ ತೀರ್ಪು ಸರಿಯಾಗಿಯೇ ಇದೆ. ಕಳೆದುಹೋದ ಆ ಹತ್ತನೇ ಒಂದು ಸೆಕೆಂಡನ್ನು ವಾಪಸ್ ತರಲು ಸಾಧ್ಯವಿದೆ.

ಅದಕ್ಕೂ ಮೊದಲು ಅಡಾಪ್ಟರ್ ವಿಷಯ. ನಿಮ್ಮ ಪತ್ರದಲ್ಲಿ ಸೆಟ್ಟನ್ನು ನಿಜಕ್ಕೂ ಕೊಲ್ಲಬಲ್ಲದ್ದು ಅದೊಂದೇ. 9 ವೋಲ್ಟ್ ಎಂದು ಬರೆದಿದ್ದರೆ ಸಾಲದು. ಹೊರಬರುವುದು ಡಿಸಿಯೋ ಎಸಿಯೋ, ಪ್ಲಗ್ಗಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಎಂಬುದು ಮುಖ್ಯ. ಮೂಲ ಫ್ಯಾಮಿಕಾಮ್‌ಗೆ 10 ವೋಲ್ಟ್ ಡಿಸಿ, 850 ಮಿಲಿಆಂಪಿಯರ್, ಒಳಭಾಗ ಮೈನಸ್ ಇರುವ ಅಡಾಪ್ಟರ್ ಬೇಕು. ನಿಂಟೆಂಡೊದ್ದೇ ಇನ್ನೊಂದು ಸೆಟ್ ಆದ ಎನ್‌ಇಎಸ್‌ಗೆ ಬರುತ್ತಿದ್ದದ್ದು 9 ವೋಲ್ಟ್ ಎಸಿ. ಅದನ್ನು ಫ್ಯಾಮಿಕಾಮ್‌ಗೆ ಹಾಕಿದರೆ ಸುಟ್ಟೀತು. ನಿಮ್ಮದರಂಥ ಹೊಂದಾಣಿಕೆಯ ಸೆಟ್‌ಗಳು ಬಹುಮಟ್ಟಿಗೆ 9 ವೋಲ್ಟ್ ಡಿಸಿಯವು. ಆದರೆ ಪ್ಲಸ್-ಮೈನಸ್ ದಿಕ್ಕು ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಸೆಟ್ಟಿನ ತಳದಲ್ಲಿ ಅಥವಾ ಸಾಕೆಟ್ ಪಕ್ಕದಲ್ಲಿ ಒಂದು ಚುಕ್ಕೆ, ಅದರ ಸುತ್ತ ಅರೆವೃತ್ತ, ಎರಡು ಬದಿ ಪ್ಲಸ್-ಮೈನಸ್ ಇರುವ ಪುಟ್ಟ ಚಿತ್ರವಿರುತ್ತದೆ. ಚುಕ್ಕೆಗೆ ಸೇರಿದ ಗುರುತೇ ಪ್ಲಗ್ಗಿನ ಒಳಭಾಗದ್ದು. ಅಡಾಪ್ಟರ್ ಮೇಲಿನ ಚಿತ್ರ ಅದಕ್ಕೆ ಹೊಂದಬೇಕು. ಚಿತ್ರ ಬಂದಿದೆ ಎಂದ ಮೇಲೆ ದಿಕ್ಕು ಸರಿಯಿರುವ ಸಾಧ್ಯತೆಯೇ ಹೆಚ್ಚು, ಆದರೂ ನೋಡಿಕೊಳ್ಳಿ. ಕೆಲವು ಸೆಟ್‌ಗಳಲ್ಲಿ ತಪ್ಪು ದಿಕ್ಕನ್ನು ಸಹಿಸುವ ಡಯೋಡ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ.

ಇನ್ನೊಂದು ಮಾತು. ಟ್ರಾನ್ಸ್‌ಫಾರ್ಮರ್ ಇರುವ ಭಾರದ ಹಳೇ ಅಡಾಪ್ಟರ್ ಅನ್ನು ಮಲ್ಟಿಮೀಟರಿನಿಂದ ಅಳೆದರೆ 9ರ ಬದಲು 12-13 ವೋಲ್ಟ್ ತೋರಿಸಬಹುದು. ಸೆಟ್ಟಿಗೆ ಜೋಡಿಸದೆ ಅಳೆದಾಗ ಅದು ಸಹಜ. ಸೆಟ್ಟಿನೊಳಗೆ 7805 ಎಂಬ ರೆಗ್ಯುಲೇಟರ್ ಅದನ್ನು 5 ವೋಲ್ಟಿಗೆ ಇಳಿಸಿ, ಉಳಿದದ್ದನ್ನು ಶಾಖವಾಗಿ ಹೊರಹಾಕುತ್ತದೆ. ಸೆಟ್ಟಿನ ಹಿಂಭಾಗ ಬೆಚ್ಚಗಾಗುವುದು ಅದಕ್ಕೇ. ಕೈ ಇಡಲಾಗದಷ್ಟು ಬಿಸಿಯಾದರೆ ಮಾತ್ರ ಚಿಂತಿಸಿ. ಹೊಸದು ಕೊಳ್ಳುವುದಾದರೆ 9 ವೋಲ್ಟ್ ಡಿಸಿ, 1 ಆಂಪಿಯರಿನ ರೆಗ್ಯುಲೇಟೆಡ್ (ವೋಲ್ಟ್ ಏರಿಳಿಯದ) ಅಡಾಪ್ಟರ್ ಸಾಕು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ವೋಲ್ಟ್ ಹೆಚ್ಚಿರಬಾರದು.

ಈಗ ತಡದ ಕಥೆಗೆ ಬರೋಣ. ಹಳೇ ಟ್ಯೂಬ್ ಟಿವಿಗಳ ಪ್ರಸಾರದಲ್ಲಿ ಒಂದು ಚಿತ್ರ ಎರಡು ಕಂತಿನಲ್ಲಿ ಬರುತ್ತಿತ್ತು: ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಗೇಮ್ ಸೆಟ್‌ಗಳು ಹಾಗೆ ಮಾಡುವುದಿಲ್ಲ. ಸುಮಾರು 240 ಗೆರೆಗಳ ಪೂರ್ಣ ಚಿತ್ರವನ್ನು ಸೆಕೆಂಡಿಗೆ 60 ಸಲ, ಪಾಲ್ ಎಂಬ ಟಿವಿ ಪದ್ಧತಿಯ ಸೆಟ್‌ಗಳಲ್ಲಿ 50 ಸಲ, ಅದೇ ಗೆರೆಗಳ ಮೇಲೆ ಕಳಿಸುತ್ತವೆ. ಟ್ಯೂಬ್ ಟಿವಿಗೆ ಇದು ತಕರಾರಿಲ್ಲದ ಕೆಲಸ. ಆದರೆ ಇಂದಿನ ಎಷ್ಟೋ ಟಿವಿಗಳು ಇದನ್ನೂ ಎರಡು ಕಂತಿನ ಪ್ರಸಾರವೆಂದೇ ತಿಳಿದು, ಅಕ್ಕಪಕ್ಕದ ಫ್ರೇಮುಗಳನ್ನು, ಎಂದರೆ ಒಂದರ ಹಿಂದೊಂದು ಬರುವ ಚಿತ್ರಗಳನ್ನು, ಹೆಣೆದು ಒಂದು ಮಾಡಲು ಹೊರಡುತ್ತವೆ. ಹೆಣೆಯಬೇಕಾದರೆ ಮುಂದಿನ ಫ್ರೇಮ್ ಬರುವವರೆಗೆ ಕಾಯಬೇಕು, ಆಮೇಲೆ ಪರದೆಯ ಅಳತೆಗೆ ಹಿಗ್ಗಿಸಬೇಕು, ಮೇಲೆ ಚಿತ್ರ ನುಣುಪು ಮಾಡುವ ಸಂಸ್ಕರಣೆ ಬೇರೆ. ಒಟ್ಟು ಸೇರಿ 100 ಮಿಲಿಸೆಕೆಂಡ್ ದಾಟುವುದು ಅಪರೂಪವೇನಲ್ಲ. ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್ ಎಂದರೆ ಅದು ಆರು ಫ್ರೇಮ್. ನಿಮ್ಮ ಕಣ್ಣಿಗೆ ಹಳ್ಳದ ಅಂಚು ಕಂಡಾಗ ಆಟದ ಒಳಗಿನ ಮಾರಿಯೊ ಆಗಲೇ ಅಂಚು ದಾಟಿರುತ್ತಾನೆ.

ಪೆಟ್ಟು ತಿಂದ ಮಾರಿಯೊ ಮಾಯವಾಗುವುದೂ ಇದೇ ರೋಗದ ಲಕ್ಷಣ. ಆ ಹೊತ್ತಿನಲ್ಲಿ ಆಟ ಅವನನ್ನು ಒಂದು ಫ್ರೇಮ್ ಬಿಟ್ಟು ಒಂದರಲ್ಲಿ ಮಾತ್ರ ಬರೆಯುತ್ತದೆ. ಟ್ಯೂಬಿನಲ್ಲಿ ಅದು ಮಿನುಗಿನಂತೆ ಕಾಣುತ್ತಿತ್ತು. ಟಿವಿ ಎರಡರಲ್ಲಿ ಒಂದು ಫ್ರೇಮನ್ನು ಎತ್ತಿ ಹಾಕಿದರೆ, ಅವನಿರುವ ಫ್ರೇಮುಗಳೇ ಎತ್ತಿಹೋಗಿ ಅವನು ಪೂರ್ತಿ ಅದೃಶ್ಯನಾಗುತ್ತಾನೆ. ಒಂದೇ ಸಾಲಿನಲ್ಲಿ ಶತ್ರುಗಳು ಹೆಚ್ಚಾದಾಗಲೂ ಹೀಗಾಗುತ್ತದೆ. ಈ ಯಂತ್ರ ಒಂದು ಗೆರೆಯಲ್ಲಿ ಎಂಟು ಸ್ಪ್ರೈಟ್‌ಗಳನ್ನಷ್ಟೇ (ಚಲಿಸುವ ಪುಟ್ಟ ಚಿತ್ರಗಳು) ತೋರಿಸಬಲ್ಲದು, ಮಿಕ್ಕವನ್ನು ಆಟ ಸರದಿಯಲ್ಲಿ ಮಿನುಗಿಸುತ್ತದೆ. ಸೆಟ್ ಕೆಟ್ಟಿದೆ ಎಂದುಕೊಳ್ಳಬೇಡಿ.

ತಡ ಎಷ್ಟಿದೆ ಎಂದು ಊಹಿಸುವುದು ಬೇಡ, ಅಳೆಯಬಹುದು. ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಇದ್ದರೆ, ನಿಮ್ಮ ಹೆಬ್ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಹಿಡಿದು ಎಂಟು-ಹತ್ತು ಜಿಗಿತ ಚಿತ್ರಿಸಿ. ಗುಂಡಿ ತಳ ಮುಟ್ಟಿದ ಫ್ರೇಮಿನಿಂದ ಮಾರಿಯೊ ಕಾಲು ಎತ್ತುವ ಫ್ರೇಮಿನವರೆಗೆ ಎಣಿಸಿ. ಫೋನಿನ ಒಂದು ಫ್ರೇಮಿಗೆ 4.2 ಮಿಲಿಸೆಕೆಂಡ್. ಆಟ ತಾನೇ ಒಂದರಿಂದ ಮೂರು ಟಿವಿ ಫ್ರೇಮ್ ತೆಗೆದುಕೊಳ್ಳುತ್ತದೆ, ಎಂದರೆ ಫೋನಿನಲ್ಲಿ ಹನ್ನೆರಡರವರೆಗೆ. ನಿಮ್ಮ ಎಣಿಕೆ ಮೂವತ್ತರ ಆಚೆ ಹೋದರೆ ದೋಷ ಟಿವಿಯದ್ದು.

ಪರಿಹಾರದಲ್ಲಿ ಮೊದಲು ಖರ್ಚಿಲ್ಲದ್ದು. ಟಿವಿಯ ಚಿತ್ರದ ಮೆನುವಿನಲ್ಲಿ ಗೇಮ್ ಮೋಡ್ ಹಾಕಿ. ಮೋಷನ್ ಸ್ಮೂತಿಂಗ್, ನಾಯ್ಸ್ ರಿಡಕ್ಷನ್ ಬಗೆಯವನ್ನೆಲ್ಲ ಆರಿಸಿ. ಚಿತ್ರದ ಅಳತೆಯನ್ನು 4:3ಕ್ಕೆ ತನ್ನಿ, ಮಾರಿಯೊ ದಪ್ಪಗಾಗಿ ಕಾಣುವುದು ನಿಲ್ಲುತ್ತದೆ. ಬ್ಲೂಟೂತ್ ಸ್ಪೀಕರ್ ಇದ್ದರೆ ತೆಗೆದು ಟಿವಿಯದೇ ಸ್ಪೀಕರ್ ಬಳಸಿ. ಜಿಗಿತದ ಸದ್ದು ತಡವಾಗಿ ಕೇಳಿದರೂ ಬೆರಳಿನ ತಾಳ ತಪ್ಪುತ್ತದೆ. ಚಿತ್ರ ಕಪ್ಪು-ಬಿಳುಪಾಗಿ ಬರುತ್ತಿದ್ದರೆ ಕಲರ್ ಸಿಸ್ಟಮ್ ಅನ್ನು ಆಟೊ ಬಿಟ್ಟು ಪಾಲ್, ಎನ್‌ಟಿಎಸ್‌ಸಿ ಎಂದು ಒಂದೊಂದಾಗಿ ಬದಲಿಸಿ ನೋಡಿ. ಇಷ್ಟರಲ್ಲೇ ಆಟ ಹಗುರಾಗುವ ಮನೆಗಳೂ ಇವೆ. ಆದರೆ ಹಳದಿ ಸಾಕೆಟ್ಟಿನ ಚಿತ್ರವನ್ನು ಹೆಣೆಯುವ ಕೆಲಸವನ್ನು ಗೇಮ್ ಮೋಡಿನಲ್ಲೂ ಬಿಡದ ಟಿವಿಗಳಿವೆ.

ಆಗ ಮುಂದಿನ ಹೆಜ್ಜೆ, ಚಿತ್ರವನ್ನು ಟಿವಿಗೆ ಹೋಗುವ ಮುನ್ನವೇ ಎಚ್‌ಡಿಎಂಐಗೆ ಬದಲಿಸುವುದು. ಬೆಂಕಿಪೆಟ್ಟಿಗೆಯಷ್ಟಿರುವ ಅಗ್ಗದ ಎವಿ-ಎಚ್‌ಡಿಎಂಐ ಕನ್ವರ್ಟರ್ ಕೊಳ್ಳಬೇಡಿ. ಅದೂ ಟಿವಿಯಂತೆಯೇ ತಪ್ಪು ತಿಳಿದು ಹೆಣೆಯುತ್ತದೆ, 16:9ಕ್ಕೆ ಎಳೆಯುತ್ತದೆ, ಟಿವಿ ಅದನ್ನು ಮತ್ತೆ ಹಿಗ್ಗಿಸುತ್ತದೆ. ತಡ ಕಡಿಮೆಯಾಗುವ ಬದಲು ಹೆಚ್ಚಾದೀತು. ಬೇಕಾದದ್ದು ಹಳೇ ಗೇಮ್‌ಗಳಿಗೆಂದೇ ಮಾಡಿದ ಲೈನ್ ಡಬ್ಲರ್. 240 ಗೆರೆಯನ್ನು 240 ಎಂದೇ ಗುರುತಿಸಿ, ಪ್ರತಿ ಗೆರೆಯನ್ನು ಎರಡಾಗಿಸಿ, ಕಾಯದೆ ಮುಂದೆ ಕಳಿಸುತ್ತದೆ. ರೆಟ್ರೊಟಿಂಕ್ ಸಾಲಿನ 2ಎಕ್ಸ್ ಪ್ರೊ, 5ಎಕ್ಸ್ ಪ್ರೊ ಎರಡೂ ಹಳದಿ ಕೇಬಲ್ಲನ್ನು ನೇರವಾಗಿ ತೆಗೆದುಕೊಳ್ಳುತ್ತವೆ. ಓಎಸ್‌ಎಸ್‌ಸಿ ಎಂಬ ಇನ್ನೊಂದು ಹೆಸರುವಾಸಿ ಸಾಧನವೂ ಒಳ್ಳೆಯದೇ, ಆದರೆ ಅದಕ್ಕೆ ಹಳದಿ ಕೇಬಲ್ ನೇರವಾಗಿ ನಡೆಯುವುದಿಲ್ಲ, ಚಿತ್ರವನ್ನು ಬೇರೆ ಬೇರೆ ತಂತಿಗಳಲ್ಲಿ ಕಳಿಸುವ ಆರ್‌ಜಿಬಿ ಅಥವಾ ಕಾಂಪೊನೆಂಟ್ ಜೋಡಣೆ ಬೇಕು. ನಿಮ್ಮ ಸೆಟ್ಟಿಗೆ ಅದು ಹೊಂದದು. ಇವು ಅಗ್ಗದ ವಸ್ತುಗಳಲ್ಲ. ಒಂದು ಸೆಟ್, ಆರು ಕಾರ್ಟ್ರಿಜ್‌ಗಾಗಿ ಅಷ್ಟು ಖರ್ಚು ಹೆಚ್ಚೆನಿಸಿದರೆ ಅದು ನ್ಯಾಯವಾದ ಲೆಕ್ಕವೇ.

ಅತ್ಯುತ್ತಮ ಔಷಧಿ ಇನ್ನೂ ಟ್ಯೂಬ್ ಟಿವಿಯೇ. ಪರಿಚಯದವರ ಮನೆಯಲ್ಲಿ 14 ಅಥವಾ 21 ಇಂಚಿನದು ಮೂಲೆಯಲ್ಲಿದ್ದರೆ ಕೇಳಿ ತನ್ನಿ. ತರುವ ಮುನ್ನ ಅರ್ಧ ಗಂಟೆ ಚಾಲೂ ಇಟ್ಟು, ಬಿಸಿಯಾದ ಮೇಲೂ ಚಿತ್ರ ಕುಗ್ಗದೆ, ಬಣ್ಣ ಕದಡದೆ ನಿಲ್ಲುತ್ತದೆಯೇ ನೋಡಿ. ಭಾರವೆಲ್ಲ ಗಾಜಿನ ಬದಿಗಿರುತ್ತದೆ, ಪರದೆಯನ್ನು ಎದೆಗೆ ಆನಿಸಿ ಎತ್ತಬೇಕು. ಆದರೆ ಅದರ ಹಿಂದಿನ ಮುಚ್ಚಳವನ್ನು ನೀವಾಗಿ ತೆಗೆಯಲೇಬಾರದು. ಟ್ಯೂಬಿನಲ್ಲಿ 20,000 ವೋಲ್ಟಿಗೂ ಮೇಲ್ಪಟ್ಟ ಒತ್ತಡವಿರುತ್ತದೆ, ಪ್ಲಗ್ ತೆಗೆದ ಮೇಲೂ ಅದು ಉಳಿದಿರಬಹುದು.

ಮನೆಯವರ ಭಯದ ಬಗ್ಗೆ: ಗೇಮ್ ಆಡಿದರೆ ಟಿವಿ ಕೆಡುತ್ತದೆ ಎಂಬ ಮಾತಿಗೆ ಒಂದು ಆಧಾರವಿತ್ತು. ಕದಲದ ಚಿತ್ರವನ್ನು ಗಂಟೆಗಟ್ಟಲೆ ಬಿಟ್ಟರೆ ಟ್ಯೂಬಿನ, ಪ್ಲಾಸ್ಮಾದ ಬೆಳಕು ಸೂಸುವ ಪದರದಲ್ಲಿ ಅದರ ಅಚ್ಚು ಉಳಿಯುತ್ತಿತ್ತು. ಓಎಲ್‌ಇಡಿಗೂ ಈ ಅಪಾಯವಿದೆ. ನಿಮ್ಮದು ಎಲ್‌ಇಡಿ ಬೆಳಕಿನ ಎಲ್‌ಸಿಡಿ ಪರದೆ, ಅದಕ್ಕೆ ಚಿಂತೆಯಿಲ್ಲ. ಆಟವನ್ನು ಅರ್ಧಕ್ಕೆ ತಡೆದಿಟ್ಟು (ಪಾಜ್) ಊಟಕ್ಕೆ ಹೋಗುವ ಅಭ್ಯಾಸವೊಂದನ್ನು ಬಿಟ್ಟರೆ ಯಾವ ಟಿವಿಗೂ ಸಾಕು.

ಬೂದು ಪರದೆ ಎಂದರೆ ಯಂತ್ರಕ್ಕೆ ಕಾರ್ಟ್ರಿಜ್ ಓದಲಾಗುತ್ತಿಲ್ಲ. ಹತ್ತರಲ್ಲಿ ಒಂಬತ್ತು ಸಲ ಪಿನ್‌ಗಳ ಮೇಲಿನ ಕಿಲುಬು, ಕೊಳೆ ಕಾರಣ. ಊದಿದಾಗ ಸರಿಯಾದಂತೆ ಕಾಣುವುದೇಕೆಂದರೆ, ಊದಲು ಕಾರ್ಟ್ರಿಜ್ ತೆಗೆದು ಮತ್ತೆ ಹಾಕುತ್ತೀರಿ. ಆ ಉಜ್ಜುವಿಕೆಯೇ ಕೆಲಸ ಮಾಡಿದ್ದು. ಉಸಿರಿನ ತೇವ ಮಾತ್ರ ಒಳಗೆ ಉಳಿದು, ದಿನ ಕಳೆದಂತೆ ಪಿನ್‌ಗಳನ್ನು ಹಸಿರುಗಟ್ಟಿಸುತ್ತದೆ. ಸ್ಯಾಂಡ್‌ಪೇಪರ್ ಇದಕ್ಕಿಂತ ಕೆಟ್ಟದ್ದು. ಪಿನ್ ಮೇಲಿನ ಲೋಹಲೇಪ ಬಹಳ ತೆಳು, ಅದು ಹೋದರೆ ಕೆಳಗಿನ ತಾಮ್ರ ಬೇಗ ಕಪ್ಪಾಗುತ್ತದೆ, ಆಮೇಲೆ ತಿಂಗಳಿಗೊಮ್ಮೆ ಉಜ್ಜುವ ಗತಿ.

ಮಾಡಬೇಕಾದದ್ದು ಹೀಗೆ. 90 ಶೇಕಡಾಕ್ಕಿಂತ ಮೇಲ್ಪಟ್ಟ, ಸಿಕ್ಕರೆ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಕಟ್ಟು ಇಯರ್ ಬಡ್ ತನ್ನಿ. ಬಡ್ ತೊಟ್ಟಿಕ್ಕಬಾರದು, ಒದ್ದೆಯಾಗಿದ್ದರೆ ಸಾಕು. ಪಿನ್‌ಗಳ ಉದ್ದಕ್ಕೇ, ಒಳಗಿನಿಂದ ಹೊರಕ್ಕೆ ಎಳೆಯಿರಿ. ಅಡ್ಡಡ್ಡ ಉಜ್ಜಿದರೆ ಕೊಳೆ ಪಿನ್‌ಗಳ ಸಂದಿಗೆ ಸೇರುತ್ತದೆ. ಎರಡೂ ಮುಖ ಮಾಡಿ. ಮೊದಲ ಬಡ್ ಕಪ್ಪಾಗಿ ಬರುತ್ತದೆ, ನಾಲ್ಕೈದನೆಯದು ಬೆಳ್ಳಗೆ ಬರಬೇಕು. ಹಟಮಾರಿ ಕಲೆಗೆ ಬಿಳಿ ಪ್ಲಾಸ್ಟಿಕ್ ರಬ್ಬರಿನಿಂದ ಹಗುರಾಗಿ ಎರಡು-ಮೂರು ಸಲ ಒರೆಸಿ, ಪುಡಿ ತೆಗೆದು ಮತ್ತೆ ಆಲ್ಕೋಹಾಲ್ ಹಚ್ಚಿ. ಹತ್ತು ನಿಮಿಷ ಒಣಗಲಿ. ಸೆಟ್ಟಿನ ಸಾಕೆಟ್ಟಿಗೂ ಇದೇ ಉಪಚಾರ ಬೇಕು, ಇಲ್ಲದಿದ್ದರೆ ಅಲ್ಲಿನ ಕೊಳೆ ಮತ್ತೆ ಕಾರ್ಟ್ರಿಜ್‌ಗೆ ಬರುತ್ತದೆ. ಪ್ಲಗ್ ತೆಗೆದು, ನಾರು ಬಿಡದ ತೆಳು ಬಟ್ಟೆಯನ್ನು ಹಳೇ ಪ್ಲಾಸ್ಟಿಕ್ ಕಾರ್ಡಿಗೆ ಒಂದೇ ಸುತ್ತು ಸುತ್ತಿ, ತುಸು ಆಲ್ಕೋಹಾಲ್ ಹಚ್ಚಿ ಐದಾರು ಸಲ ಒಳಗೆ-ಹೊರಗೆ ಮಾಡಿ. ಬಲವಂತ ಬೇಡ, ದಪ್ಪನೆಯದನ್ನು ತುರುಕಿದರೆ ಸಾಕೆಟ್ಟಿನ ಸ್ಪ್ರಿಂಗುಗಳು ಸಡಿಲವಾಗುತ್ತವೆ. ನೈಲ್ ಪಾಲಿಶ್ ರಿಮೂವರ್ ಬಳಸಬೇಡಿ, ಅದರಲ್ಲಿನ ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅಂತರ್ಜಾಲದಲ್ಲಿ ಲಾಕ್‌ಔಟ್ ಚಿಪ್ಪಿನ (ಅನುಮತಿಯಿಲ್ಲದ ಕಾರ್ಟ್ರಿಜ್ ತಡೆಯುವ ಚಿಪ್) ಕಾಲು ಕತ್ತರಿಸಿ ಎಂಬ ಸಲಹೆ ಕಂಡರೆ ಅದು 72 ಪಿನ್ನಿನ ಎನ್‌ಇಎಸ್ ಸೆಟ್‌ಗಳಿಗೆ. ನಿಮ್ಮ 60 ಪಿನ್ ಸೆಟ್ಟಿನಲ್ಲಿ ಆ ಚಿಪ್ಪೇ ಇಲ್ಲ.

ಗುಂಡಿಗಳನ್ನು ಜೋರಾಗಿ ಒತ್ತಬೇಕಾಗುತ್ತಿದ್ದರೆ ಕಂಟ್ರೋಲರ್ ಹಿಂದಿನ ಸ್ಕ್ರೂಗಳನ್ನು ಬಿಚ್ಚಿ. ಒಳಗೆ ರಬ್ಬರ್ ಹಾಳೆ, ಅದರ ಕೆಳಗೆ ಕಪ್ಪು ಇಂಗಾಲದ ಬಿಲ್ಲೆಗಳು. ಬೋರ್ಡಿನ ಕಡೆಯನ್ನು ಆಲ್ಕೋಹಾಲಿನಿಂದ ಒರೆಸಿ, ಬಿಲ್ಲೆಗಳನ್ನು ಒಣ ಬಟ್ಟೆಯಿಂದ ಮುಟ್ಟಿದಷ್ಟೇ ಮುಟ್ಟಿ. ಕಂಟ್ರೋಲರೇ ಸತ್ತಿದ್ದರೆ ಅದೇ ಬಗೆಯ ಸೆಟ್ಟಿನದನ್ನು ಹುಡುಕಿ. 9 ಪಿನ್ನಿನ ಸೆಗಾ ಕಂಟ್ರೋಲರ್ ಸಾಕೆಟ್ಟಿಗೆ ಕೂರಬಹುದು, ವೈರಿಂಗ್ ಬೇರೆ. ಮುಖ್ಯ ಬೋರ್ಡಿನಲ್ಲಿ ಚಿಪ್ಪುಗಳ ಬದಲು ಒಂದು ಕರಿ ಅಂಟಿನ ಗುಡ್ಡೆ ಕಂಡರೆ ಇಡೀ ಯಂತ್ರ ಆ ಗುಡ್ಡೆಯೊಳಗಿದೆ ಎಂದರ್ಥ. ಅದು ಕೆಟ್ಟರೆ ರಿಪೇರಿಯಿಲ್ಲ. ರೆಗ್ಯುಲೇಟರ್, ಸ್ವಿಚ್, ಸಾಕೆಟ್, ಕೆಪಾಸಿಟರ್ ಕೆಟ್ಟಿದ್ದರೆ ಮಾತ್ರ ಯಾವ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಬೇಕಾದರೂ ಬದಲಿಸಬಲ್ಲರು.

ಸೇವ್ ನಿಲ್ಲದ ಕಾರ್ಟ್ರಿಜ್ ಒಳಗೆ ಸಾಮಾನ್ಯವಾಗಿ ಸಿಆರ್2032 ಬಗೆಯ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಇರುತ್ತದೆ. ವಿದ್ಯುತ್ ಆರಿದ ಮೇಲೆ ನೆನಪಿನ ಚಿಪ್ಪನ್ನು ಜೀವಂತ ಇಡುವುದು ಅದೇ. ಇಷ್ಟು ವರ್ಷವಾದ ಮೇಲೆ ಅದು ಸತ್ತಿರುವುದೇ ಸಹಜ. ಕಾಲು ಬೆಸೆದೇ ಬರುವ ಬ್ಯಾಟರಿ ಕೊಳ್ಳಿ. ಬೆತ್ತಲೆ ಬ್ಯಾಟರಿಗೆ ನೇರವಾಗಿ ಬೆಸುಗೆ ಹಾಕಿದರೆ ಬಿಸಿಗೆ ಒಳಗಿನ ಸೀಲ್ ಹಾಳಾಗಿ ಸಿಡಿಯಬಹುದು. ಪ್ಲಸ್ ಯಾವ ಕಡೆ ಇತ್ತೆಂದು ಮೊದಲೇ ಫೋಟೊ ತೆಗೆದುಕೊಳ್ಳಿ. ಬೋರ್ಡಿನಲ್ಲಿ ಬ್ಯಾಟರಿಯ ಜಾಗ ಖಾಲಿ ಇದ್ದರೆ ಗಾಬರಿ ಬೇಡ, ನಕಲು ಕಾರ್ಟ್ರಿಜ್‌ಗಳಲ್ಲಿ ಉಳಿತಾಯಕ್ಕೆಂದು ಅದನ್ನು ಹಾಕದೇ ಬಿಡುತ್ತಿದ್ದುದುಂಟು.

ಗನ್ ಬಗ್ಗೆ ಆಸೆ ಬಿಡಿ, ಟ್ಯೂಬ್ ಟಿವಿ ಸಿಗುವವರೆಗಾದರೂ. ಅದು ಏನನ್ನೂ ಹಾರಿಸುವುದಿಲ್ಲ, ನೋಡುತ್ತದೆ ಅಷ್ಟೇ. ಟ್ರಿಗರ್ ಒತ್ತಿದೊಡನೆ ಆಟ ಪರದೆಯನ್ನು ಕಪ್ಪಾಗಿಸಿ, ಮರು ಫ್ರೇಮಿನಲ್ಲಿ ಗುರಿಯ ಜಾಗದಲ್ಲಿ ಬಿಳಿ ಚೌಕ ಬರೆಯುತ್ತದೆ. ಗನ್ನಿನ ಬೆಳಕಿನ ಸಂವೇದಕಕ್ಕೆ ಆ ಕ್ಷಣಕ್ಕೇ ಬಿಳುಪು ಕಂಡರೆ ಗುರಿ ತಾಗಿತು. ಎಲ್‌ಸಿಡಿಯಲ್ಲಿ ಚೌಕ ಬರುವ ಹೊತ್ತಿಗೆ ಆಟ ನೋಡುವುದನ್ನು ನಿಲ್ಲಿಸಿರುತ್ತದೆ. ಜೊತೆಗೆ, ಬಲ್ಬಿನ ಬೆಳಕಿಗೆ ಮೋಸ ಹೋಗದಂತೆ ಟ್ಯೂಬಿನ ಗೆರೆಗಳ ವೇಗಕ್ಕಷ್ಟೇ ಸ್ಪಂದಿಸುವ ಸರ್ಕ್ಯೂಟ್ ಮೂಲ ಗನ್ನಿನಲ್ಲಿದೆ.

ಸಾವಿರಾರು ಆಟಗಳ ಹ್ಯಾಂಡ್‌ಹೆಲ್ಡ್ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಗ್ಗದವುಗಳಲ್ಲಿ ಅದೇ ಆಟ ಬೇರೆ ಹೆಸರಿನಲ್ಲಿ, ಬೇರೆ ಹಂತದಿಂದ ಶುರುವಾಗಿ ಹತ್ತಾರು ಸಲ ಬರುತ್ತದೆ. ಆಟಗಳ ಪ್ರತಿಗಳು ಹಕ್ಕುದಾರರ ಅನುಮತಿ ಪಡೆದವು ಅಲ್ಲದಿರುವುದೇ ಹೆಚ್ಚು. ಅದಕ್ಕಿಂತ ದೊಡ್ಡ ಕಂಟಕವೆಂದರೆ, ಮುಂದಿನ ಆಟ ಒಂದು ಗುಂಡಿ ದೂರದಲ್ಲಿದೆ ಎಂದು ಗೊತ್ತಿರುವ ಮಗು ಎರಡನೇ ಸಲ ಸತ್ತ ಕೂಡಲೇ ಬದಲಿಸುತ್ತದೆ. ಈ ಆಟಗಳ ಸುಖ ಐದನೇ, ಆರನೇ ಪ್ರಯತ್ನದಲ್ಲಿದೆ. ಎಮ್ಯುಲೇಟರ್ (ಹಳೇ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಎಂಬುದೇ ಕೆಟ್ಟದ್ದೆಂದು ಇದರರ್ಥವಲ್ಲ. ಕಂಪ್ಯೂಟರ್, ವೈರ್ ಇರುವ ಕಂಟ್ರೋಲರ್, ರೆಟ್ರೊಆರ್ಕ್ ತಂತ್ರಾಂಶ, ಅದರಲ್ಲಿ ರನ್-ಅಹೆಡ್ ಎಂಬ ಆಯ್ಕೆ ಇದ್ದರೆ ಆಟದ ಸ್ವಂತ ತಡವನ್ನೂ ಒಂದೆರಡು ಫ್ರೇಮ್ ಇಳಿಸಬಹುದು. ಅದಕ್ಕೆ ಹೊಸದಾಗಿ ಬರೆದ, ಕಾನೂನುಬದ್ಧವಾಗಿ ಸಿಗುವ ಆಟಗಳೂ ಇವೆ. 2019ರ ಮೈಕ್ರೊ ಮೇಜಸ್ ಹಳೇ ಯಂತ್ರದ ಅದೇ 40 ಕಿಲೋಬೈಟಿನೊಳಗೆ ನಾಲ್ವರು ಒಟ್ಟಿಗೆ ಆಡುವಂತೆ ಮಾಡಿದ ಆಟ. ನಿಂಟೆಂಡೊ 2016ರಲ್ಲಿ ತಂದ 30 ಆಟಗಳ ಪುಟ್ಟ ಎನ್‌ಇಎಸ್ ಎಚ್‌ಡಿಎಂಐಗೆ ನೇರ ಜೋಡಿಸುವಂಥದ್ದು, ಆದರೆ ಈಗ ತಯಾರಾಗುತ್ತಿಲ್ಲ, ಬಳಸಿದ್ದು ಕೊಳ್ಳುವಾಗ ನಕಲಿಗಳ ಕಾಟವಿದೆ.

ನಿಮ್ಮ ಸೆಟ್ಟು ನಡೆಯುತ್ತಿದೆ, ಹಾಗಾಗಿ ನಾನಾದರೆ ಅದನ್ನೇ ಉಳಿಸಿಕೊಳ್ಳುತ್ತೇನೆ. ಅಡಾಪ್ಟರ್ ನೋಡಿ, ಪಿನ್ ತೊಳೆದು, ಟಿವಿ ಮೆನು ಬದಲಿಸಿ. ಇಷ್ಟಾದ ಮೇಲೂ ಅಳತೆ ಮೂವತ್ತರ ಮೇಲೇ ಇದ್ದರೆ ಟ್ಯೂಬ್ ಟಿವಿಗೆ ಒಂದು ತಿಂಗಳು ಹುಡುಕಿ, ಸಿಗದಿದ್ದರೆ ಆಗ ಡಬ್ಲರ್ ಬಗ್ಗೆ ಯೋಚಿಸಿ. ಮಿಂಚುವ ಬೆಳಕಿಗೆ ಫಿಟ್ಸ್ ಬರುವ ತೊಂದರೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಮಾತ್ರ ಆಟಕ್ಕೆ ಮುನ್ನ ವೈದ್ಯರನ್ನು ಕೇಳಿ.

ಮಕ್ಕಳನ್ನು ಮತ್ತೆ ಕೂರಿಸುವಾಗ ಮಾರಿಯೊದಿಂದ ಶುರು ಮಾಡಬೇಡಿ. ಅದರಲ್ಲಿ ಒಬ್ಬರು ಸಾಯುವವರೆಗೆ ಇನ್ನೊಬ್ಬರು ಸುಮ್ಮನೆ ಕಾಯಬೇಕು, ಎಂಟು ವರ್ಷದವನಿಗೆ ಅದು ದೀರ್ಘ ಕಾಲ. ಇಬ್ಬರೂ ಒಟ್ಟಿಗೇ ಪರದೆಯಲ್ಲಿರುವ ಆಟ ಹಾಕಿ. ನಿಮ್ಮ ಆರರಲ್ಲಿ ಟ್ಯಾಂಕ್ ಗೇಮ್, ಅಂದರೆ 1985ರ ಬ್ಯಾಟಲ್ ಸಿಟಿ ಇದ್ದರೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ. ಒಬ್ಬರು ಕೆಳಗೆ ಹದ್ದಿನ ಚಿಹ್ನೆಯ ನೆಲೆಯನ್ನು ಕಾಯಬೇಕು, ಇನ್ನೊಬ್ಬರು ಮುಂದೆ ಹೋಗಬೇಕು, ತಪ್ಪಿ ಒಬ್ಬರಿಗೊಬ್ಬರು ಗುಂಡು ಹೊಡೆದರೆ ಹೊಡೆಸಿಕೊಂಡವರು ಕೆಲ ಕ್ಷಣ ಅಲುಗಾಡಲಾರರು. ಜಗಳ, ನಗು ಎರಡೂ ಅಲ್ಲಿಂದಲೇ ಹುಟ್ಟುತ್ತವೆ. ಬಲೂನ್ ಫೈಟ್, ಐಸ್ ಕ್ಲೈಂಬರ್ ಕೂಡ ಹೀಗೇ. ನಿಯಮ ವಿವರಿಸಲು ಹೋಗಬೇಡಿ, ಕಂಟ್ರೋಲರ್ ಕೊಟ್ಟು ಸುಮ್ಮನಿರಿ. ಇಪ್ಪತ್ತು ಸೆಕೆಂಡಿಗೆ ಸಾಯುತ್ತಾರೆ, ಮೂರು ಸೆಕೆಂಡಿಗೆ ಮತ್ತೆ ಶುರುವಾಗುತ್ತದೆ. ಮಗಳಿಗೆ ಬ್ಯಾಟಲ್ ಸಿಟಿಯ ಕನ್‌ಸ್ಟ್ರಕ್ಷನ್ ತೋರಿಸಿ, ತಾನೇ ಇಟ್ಟಿಗೆ ಜೋಡಿಸಿ ತಮ್ಮನಿಗೆ ಮೈದಾನ ಕಟ್ಟಬಹುದು. ಎಕ್ಸೈಟ್‌ಬೈಕ್ ಇದ್ದರೆ ಅದರಲ್ಲೂ ರಸ್ತೆ ಕಟ್ಟುವ ಡಿಸೈನ್ ವಿಭಾಗವಿದೆ, ಜೊತೆಗೆ ಸೇವ್, ಲೋಡ್ ಎಂಬ ಆಯ್ಕೆಗಳೂ ಕಾಣುತ್ತವೆ. ಅವು ಕ್ಯಾಸೆಟ್ಟಿನಲ್ಲಿ ದಾಖಲಿಸುವ ಬೇರೊಂದು ರೆಕಾರ್ಡರ್ ಇದ್ದರೆ ಮಾತ್ರ ನಡೆಯುವಂಥವು. ಆರಿಸಿದ ಮೇಲೆ ಕಟ್ಟಿದ ರಸ್ತೆ ಉಳಿಯುವುದಿಲ್ಲ ಎಂದು ಅವಳಿಗೆ ಮೊದಲೇ ಹೇಳಿಬಿಡಿ, ಚೆನ್ನಾಗಿ ಬಂದದ್ದರ ಫೋಟೊ ತೆಗೆದಿಟ್ಟರೆ ಮರುದಿನ ನೋಡಿ ಕಟ್ಟಬಹುದು.